ಖಾಲಿ ಕೊಡಬಾರದು

ಆ ದಿನ ಬೆಳಿಗ್ಗೆ ಬೀದರಿನ ಮೇಲೆ ದಟ್ಟ ಮಂಜು ಕವಿದಿತ್ತು. ಔರಾದಿನಿಂದ ಬಂದ ಬಸ್ಸು ದೀಪ ಹಚ್ಚಿಕೊಂಡೇ ಊರು ಹೊಕ್ಕಿತು. ತೊಗರಿ ಹೊಲಗಳ ಮೇಲಿಂದ ಬರುವ ಗಾಳಿ ಕಿವಿ ಕೊರೆಯುತ್ತಿತ್ತು. ಊರ ನಡುವಿನ ಚೌಬಾರಾ ಗೋಪುರದ ಬುಡವಷ್ಟೇ ಕಾಣುತ್ತಿತ್ತು. ಉಳಿದದ್ದನ್ನು ಪರಮಾತ್ಮ ಬಿಸಿಲೇರುವ ತನಕ ತನ್ನ ಬಳಿಯೇ ಇಟ್ಟುಕೊಂಡಿದ್ದ.

ಸಿದ್ದೇಶ್ವರಿ ಶಾಲು ಬಿಗಿಯಾಗಿ ಹೊದ್ದು, ಚೀಲ ಎದೆಗವಚಿಕೊಂಡು ನಡೆದಳು. ಇವತ್ತು ತಾಳ ಬಾರಿಸುವ ಒಂದು ಯಂತ್ರ ಆರಿಸಿಯೇ ಊರಿಗೆ ಮರಳುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ಅವಳ ಸೋದರತ್ತೆ ಪುತಳಾಬಾಯಿಯದು ಔರಾದ ಸೀಮೆಯಲ್ಲೆಲ್ಲ ಹೆಸರಾದ ಕೈ. ಊರಿನ ಹೆಣ್ಣುಮಕ್ಕಳ ಭಜನಾ ಮೇಳಕ್ಕೆ ಡೋಲಕ್ ಬಾರಿಸುವವಳು ಅವಳೇ. ಹೋದ ಮಳೆಗಾಲದಿಂದ ಮಣಿಕಟ್ಟು ಬಾತು, ಒಂದು ಹಾಡು ಮುಗಿಯುವುದರೊಳಗೆ ಕೈ ಸೋಲುತ್ತಿತ್ತು. ಸಿದ್ದೇಶ್ವರಿ ತಾನೇ ಬಾರಿಸಿ ನೋಡಿದ್ದಳು. ಬೆರಳಿಗೆ ತಾಳವೇನೋ ಇತ್ತು, ಅತ್ತೆಯ ಪೆಟ್ಟಿನ ತೂಕವಿರಲಿಲ್ಲ. ಕಾಲೇಜಿನ ದಿನಗಳಿಂದಲೂ ಮೊಬೈಲಿನಲ್ಲಿ ಬೀಟ್ ಮಾಡುವ ಹುಚ್ಚು ಅವಳಿಗೆ. ಮೊಬೈಲು ಮೇಳಕ್ಕೆ ಸಾಲುತ್ತಿರಲಿಲ್ಲ.

ಪ್ರತಿ ಶಿವರಾತ್ರಿಯ ಸಂಜೆ ಭಾಲ್ಕಿಯ ಗುಡಿಯೊಂದರಲ್ಲಿ ಮೊದಲ ಹಾಡು ಈ ಮೇಳದ್ದು. ಬಾರಿಸುವವರಿಲ್ಲದಿದ್ದರೆ ಆ ಸರದಿಯನ್ನು ಗಂಡಸರ ಮೇಳಕ್ಕೆ ಬಿಟ್ಟುಕೊಡಿ ಎಂದು ಗುಡಿಯ ಹಿರಿಯರು ಹೇಳಿ ಕಳಿಸಿದ್ದರು. ಒಮ್ಮೆ ಬಿಟ್ಟುಕೊಟ್ಟ ಸರದಿ ಮತ್ತೆ ಸಿಗುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಪುತಳಾಬಾಯಿ ಡೋಲಕ್ಕಿಗೆ ಬಟ್ಟೆ ಸುತ್ತಿ ಮೂಲೆಗಿಟ್ಟಿದ್ದಳು. ಅದನ್ನು ನೋಡಿದ ಮೇಲೆಯೇ ಸಿದ್ದೇಶ್ವರಿ ಬಸ್ಸು ಹತ್ತಿದ್ದು.

ಓಂಪ್ರಕಾಶನ ಅಂಗಡಿ ಚೌಬಾರಾದ ಹಿಂದಿನ ಗಲ್ಲಿಯಲ್ಲಿತ್ತು. ಆಂಪ್ಲಿಫಾಯರ್ ರಿಪೇರಿ, ಮದುವೆಗಳಿಗೆ ಸೌಂಡ್ ಬಾಡಿಗೆ, ಹಳೆಯ ವಾದ್ಯಗಳ ಮಾರಾಟ. ಭಾಲ್ಕಿಯ ಹುಡುಗ. ಮನೆಯವರದು ಕಬ್ಬಿನ ಹೊಲ, ಬೆಲ್ಲದ ಗಾಣ; ಇವನ ಪ್ರೀತಿಯೆಲ್ಲ ವೈರುಗಳ ಮೇಲೆ. ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡು, ಎರಡು ಯಂತ್ರಗಳನ್ನು ಒರೆಸಿ ಮುಂದಿಟ್ಟ.

"ಇದು ಗ್ರೂವ್‌ಬಾಕ್ಸ್ ರಿ. ಇದರಾಗ ಎಲ್ಲಾ ಅದ. ಡೋಲಕ್ ಅದ, ತಬಲಾ ಅದ. ಒಂದ್ಸಲ ತಾಳ ಹಾಕಿ ಕೊಟ್ರ ಬೆಳತನಕ ತಪ್ಪಂಗಿಲ್ಲ."

ಅವಳು ಪಕ್ಕದ ಯಂತ್ರದ ಚೌಕಗಳನ್ನು ಒತ್ತಿದಳು. ಒಂದು, ಮತ್ತೊಂದು. ಸದ್ದಿಲ್ಲ.

"ಇದು ಕೆಟ್ಟದೇನ್ರಿ?"

"ಕೆಟ್ಟಿಲ್ರಿ, ಖಾಲಿ ಅದ. ಸ್ಯಾಂಪ್ಲರ್ ಅಂತಾರ. ನೀವು ಏನ ಕೇಳಸ್ತೀರಿ ಅದನ್ನ ಹಿಡಕೋತದ. ತನ್ನದಂತ ಒಳಗ ಏನೂ ಇಲ್ಲ."

"ಅಂಗಡಿಯವರಂಗ ಅದ ಬಿಡ್ರಿ. ಗಿರಾಕಿ ಅಂದಿದ್ದಕ್ಕೆಲ್ಲಾ ಹೂಂ ಅಂತದ."

ಅವನು ನಗು ತಡೆದುಕೊಂಡು ತಲೆ ತಗ್ಗಿಸಿದ. ತಡೆದ ನಗು ಕಿವಿಯ ತನಕ ಕೆಂಪಾಗಿ ಏರಿದ್ದನ್ನು ಸಿದ್ದೇಶ್ವರಿ ನೋಡಿದಳು. ನೋಡಿದ್ದು ಅವನಿಗೂ ಗೊತ್ತಾಯಿತು.

ಗ್ರೂವ್‌ಬಾಕ್ಸನ್ನು ಎಳ್ಳಮಾವಾಸ್ಯೆಯ ತನಕ ಇಟ್ಟುಕೊಂಡು ನೋಡಿ, ಮನಸ್ಸಿಗೆ ಬಂದರೆ ಕೊಳ್ಳಿ ಎಂದ. ಅದನ್ನು ಚೀಲಕ್ಕಿಡಲು ಅವಳು ಜಾಗ ಮಾಡುವಾಗ ಒಂದು ಹಿತ್ತಾಳೆಯ ಗಂಟೆ ಹೊರಬಂತು. ಅಪ್ಪನ ಹಿಂಡಿನಲ್ಲಿ ಮುಂದೆ ನಡೆಯುವ ಕುರಿಯ ಕೊರಳಿನದು. ಒಳಗಿನ ನಾಲಿಗೆ ಉದುರಿಹೋಗಿತ್ತು, ರಿಪೇರಿಗೆಂದು ತಂದಿದ್ದಳು. ಓಂಪ್ರಕಾಶ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದ. "ಬಿಟ್ಟು ಹೋಗ್ರಿ. ನಾ ಮಾಡಿ ಕೊಡ್ತೇನಿ."

ಸೋಮವಾರ ಸಂಜೆ ಮೇಳ ಕೂಡಿತು. ಯಂತ್ರ ಬಾರಿಸತೊಡಗಿದಾಗ ಹೆಣ್ಣುಮಕ್ಕಳು ಬೆರಗಾದರು. ಸದ್ದು ತಿಳಿಯಾಗಿತ್ತು, ತಾಳ ಒಂದಿಷ್ಟೂ ಅಲುಗಲಿಲ್ಲ. ಆದರೆ ಎರಡನೆಯ ನುಡಿಗೆ ಬರುವಷ್ಟರಲ್ಲಿ ಎಲ್ಲರೂ ಏದುಸಿರು ಬಿಡತೊಡಗಿದರು. ಹಾಡುವವರು ಉಸಿರೆಳೆದುಕೊಳ್ಳುವ ಜಾಗದಲ್ಲಿ ಪುತಳಾಬಾಯಿಯ ಕೈ ಮೊದಲಿನಿಂದಲೂ ಚೂರು ತಡೆಯುತ್ತಿತ್ತು. ಶಿವನ ಹೆಸರು ಬಂದಲ್ಲಂತೂ, ಆ ಹೆಸರು ಗುಡಿಯ ಗೋಡೆ ಮುಟ್ಟಿ ಬರಲಿ ಎಂಬಂತೆ ಇನ್ನೂ ಒಂದು ಗಳಿಗೆ ಕಾಯುತ್ತಿತ್ತು. ಯಂತ್ರಕ್ಕೆ ಆ ಕಾಯುವಿಕೆ ತಿಳಿಯದು. ಕರುಣಾ ಎಂಬ ಹುಡುಗಿ ಹಾಡು ಬಿಟ್ಟು, ಬಸ್ಸಿನ ಹಿಂದೆ ಓಡಿದಂಗಾತು ನೋಡ್ರಿ ಎಂದು ನಕ್ಕಳು.

ಪುತಳಾಬಾಯಿ ನಗಲಿಲ್ಲ. "ಬಾರಸೋದು ಛಲೋ ಬಾರಸ್ತದ ಸಿದ್ದಿ. ಖರೇ, ಕೇಳಂಗಿಲ್ಲ," ಅಂದಳು.

ಎಳ್ಳಮಾವಾಸ್ಯೆ ಕಳೆದ ಮಾರನೆಯ ದಿನ ಸಿದ್ದೇಶ್ವರಿ ಮತ್ತೆ ಬೀದರಿಗೆ ಬಂದಳು. ಗ್ರೂವ್‌ಬಾಕ್ಸಿನ ಮೇಲೆ ಒಂದು ಡಬ್ಬಿಯಿತ್ತು. ಅದರಲ್ಲಿ ಹಬ್ಬದ ಕಾಳು-ಸೊಪ್ಪಿನ ಭಜ್ಜಿ, ಸಜ್ಜಿ ರೊಟ್ಟಿ. ಓಂಪ್ರಕಾಶ ಡಬ್ಬಿ ನೋಡಿದ, ಅವಳನ್ನು ನೋಡಿದ. ಒಯ್ದದ್ದನ್ನು ಖಾಲಿ ಕೊಡಬಾರದಂತ ನಮ್ಮ ಕಡೆ ರೂಢಿ ಎಂದಳು ಅವಳು, ಬೇರೆ ಅರ್ಥವೇನೂ ಇಲ್ಲ ಎಂಬಂಥ ದನಿಯಲ್ಲಿ. ನಮ್ಮ ಭಾಲ್ಕಿ ಕಡೆಗೂ ಅದೇ ರೂಢಿ ಎಂದ ಅವನು. ರೊಟ್ಟಿ ಮುರಿದು ಅಲ್ಲೇ ನಿಂತು ತಿಂದ.

"ಗಂಟಿ ಆತೇನ್ರಿ?"

"ಇನ್ನೂ ಇಲ್ರಿ. ನಾಲಿಗಿ ಸರಿ ಕೂಡವಲ್ದು."

ಅದು ಸುಳ್ಳೆಂದು ಅವಳಿಗೆ ಅನಿಸಿತು. ಸುಳ್ಳು ಹಿತವಾಗಿತ್ತು.

ಗ್ರೂವ್‌ಬಾಕ್ಸ್ ಬೇಡ, ಆ ಖಾಲಿಯದನ್ನೇ ಕೊಡಿ ಎಂದಳು. ಅವನು ಕೂಡಲೇ ಒಪ್ಪಲಿಲ್ಲ. ಶಿವರಾತ್ರಿ ಹತ್ತಿರವಿದೆ, ಸ್ಯಾಂಪ್ಲರಿಗೆ ಒಂದೊಂದೇ ಸದ್ದು ಹಿಡಿದು ತುಂಬಬೇಕು, ಆಮೇಲೆ ಕೈಯಿಂದಲೇ ಬಾರಿಸಬೇಕು, ಗುಡಿ ತುಂಬ ಜನರೆದುರು ತಪ್ಪಿದರೆ ಯಂತ್ರ ಕಾಪಾಡುವುದಿಲ್ಲ ಎಂದ. ಅವಳು ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ, "ತಪ್ಪಿದ್ರ ನಾ ತಪ್ಪತೇನಿ. ಅತ್ತಿ ಕೈ ಮಾತ್ರ ಹೋಗಬಾರದು," ಅಂದಳು.

ಅವನು ಒಳಗೆ ಹೋಗಿ ಸ್ಯಾಂಪ್ಲರ್ ತಂದ. ಈ ದಿನಗಳಲ್ಲಿ ಬಿಡುವಾದಾಗಲೆಲ್ಲ ಅದರಲ್ಲಿ ತನ್ನದೇ ಬೀಟ್‌ಗಳನ್ನು ಕಟ್ಟುತ್ತಿದ್ದ. ಅವಳೆದುರಿಗೇ ಗುಂಡಿ ಒತ್ತಿ ಎಲ್ಲವನ್ನೂ ಅಳಿಸಿದ. ಪರರ ಸದ್ದು ಸೇರದ ಶುದ್ಧ ಪಾತ್ರೆ ಕೊಡುವುದೇ ಮರ್ಯಾದೆ ಎಂದು ಅವನ ಎಣಿಕೆ.

ಸಿದ್ದೇಶ್ವರಿಯ ಮುಖ ಸಣ್ಣದಾಯಿತು. ಬರುವಾಗ ಹೊರಗಿನಿಂದಲೇ ಒಂದು ಬೀಟ್ ಕೇಳಿಸಿತ್ತು. ಗಾಣದೆತ್ತಿನ ನಡಿಗೆಯಂತೆ ನಿಧಾನವಾದದ್ದು. ಅದು ತನ್ನ ಜೊತೆ ಬರುತ್ತದೆಂದು ಯಾಕೋ ಅಂದುಕೊಂಡಿದ್ದಳು.

"ಎಲ್ಲಾ ತೊಳದ್ರೇನ್ರಿ? ಒಂದಾದ್ರೂ ಇರಲಿ ಅನಸಲಿಲ್ಲ?"

"ನಿಮಗ ಜಾಗ ಬೇಕಲ್ರಿ."

ಅವಳು ಯಂತ್ರವನ್ನು ಚೀಲಕ್ಕಿಟ್ಟು, ಡಬ್ಬಿ ತೆಗೆದುಕೊಂಡು ಹೊರಟಳು. ಡಬ್ಬಿ ಖಾಲಿಯಿತ್ತು. ಅವನಿಗೆ ಹೊಳೆಯುವಷ್ಟರಲ್ಲಿ ಅವಳು ಗಲ್ಲಿ ದಾಟಿದ್ದಳು.

ಬಸ್ಸಿನಲ್ಲಿ ಕಿಟಕಿಯಾಚೆ ಕಡಲೆಯ ಹೊಲಗಳು ಓಡುತ್ತಿದ್ದವು. ಸಜ್ಜಿ ರೊಟ್ಟಿ ತಿಂದವನು ಡಬ್ಬಿಗೆ ಒಂದು ಚಿಟಿಕೆ ಸಕ್ಕರೆಯನ್ನೂ ಹಾಕಲಿಲ್ಲ ಎಂದು ಅವಳು ನೊಂದುಕೊಂಡಳು. ಮನೆತನಗಳ ನಡುವೆ ಖಾಲಿ ಬಂದ ಪಾತ್ರೆ ಅಂದರೆ, ಇನ್ನು ಈ ಕಡೆ ಬರುವ ಕೆಲಸವಿಲ್ಲ ಎಂದ ಹಾಗೆ. ಒಂದು ನಿಟ್ಟುಸಿರು ಬಿಟ್ಟಳು. ಆಮೇಲೆ ಶಿವರಾತ್ರಿ ನೆನಪಾಯಿತು. ಮನಸ್ಸನ್ನು ಅದರ ಕಡೆ ತಿರುಗಿಸಿದಳು. ಅದು ಪೂರ್ತಿ ತಿರುಗಲಿಲ್ಲ.

ಸದ್ದು ಹಿಡಿಯುವುದು ಅಷ್ಟು ಸುಲಭವಾಗಲಿಲ್ಲ. ಸ್ಯಾಂಪ್ಲರಿಗೆ ಮೊಬೈಲು ಚುಚ್ಚಿ ಹಿಡಿದ ಡೋಲಕ್ ತಗಡಿನಂತೆ ಕೇಳಿಸಿತು. ಅತ್ತೆಯ ಕೈ ದಿನಕ್ಕೆ ಕೆಲವೇ ಪೆಟ್ಟು ತಾಳುತ್ತಿತ್ತು. ಅವು ಹಾಳಾಗಿ ಹೋಗುವುದನ್ನು ನೋಡಲಾರದೆ ಸಿದ್ದೇಶ್ವರಿ ತನ್ನ ಬಿಗುಮಾನ ಬಿಟ್ಟು ಫೋನು ಮಾಡಿದಳು. ಮೈಕ್ ಬೇಕಿತ್ತು ಎಂದಷ್ಟೇ ಹೇಳಿದಳು.

ಅವನು ಮಧ್ಯಾಹ್ನದ ಹೊತ್ತಿಗೆ ಮೋಟರ್‌ಸೈಕಲ್ ಮೇಲೆ ಬಂದಿಳಿದ. ತಲೆ ತುಂಬ ಧೂಳು, ಬೆನ್ನಿಗೆ ಮೈಕಿನ ಚೀಲ. ಮೇಳದ ಹೆಣ್ಣುಮಕ್ಕಳು ಪಡಸಾಲೆಯಲ್ಲಿ ಕೂತು ಅವನನ್ನು ಅಡಿಯಿಂದ ಮುಡಿಯ ತನಕ ಅಳೆದರು. ಪುತಳಾಬಾಯಿ ನೀರು ಕೊಟ್ಟಳು.

"ನಮ್ಮ ಗಂಟಿ ಎಲ್ಲೈತಪ್ಪಾ? ಮುಂದಿನ ಕುರಿ ಸಪ್ಪಳ ಇಲ್ದ ನಡದು, ಹಿಂದಿನವು ದಾರಿ ಬಿಡ್ಲತ್ತಾವ."

"ಆಗ್ಲತ್ತದರಿ ಅತ್ತಿ."

ಅತ್ತಿ ಎಂಬ ಮಾತು ಬಾಯಿಂದ ಬಿದ್ದದ್ದೇ ತಡ, ಕರುಣಾ ಸೆರಗು ಬಾಯಿಗೊತ್ತಿಕೊಂಡಳು. ಓಂಪ್ರಕಾಶ ಮೈಕಿನ ವೈರು ಬಿಡಿಸುವುದರಲ್ಲಿ ಮುಳುಗಿಹೋದ. ಬಿಡಿಸಿದ್ದನ್ನೇ ಮತ್ತೆ ಸಿಕ್ಕಾಗಿಸಿ ಮತ್ತೆ ಬಿಡಿಸಿದ. ಸಿದ್ದೇಶ್ವರಿ ಸ್ಯಾಂಪ್ಲರಿನ ಚೌಕಗಳನ್ನು ಒರೆಸುತ್ತಿದ್ದಳು, ಅದಾಗಲೇ ಒರೆಸಿಯಾಗಿದ್ದರೂ.

ಡೋಲಕ್ಕಿನ ಬಟ್ಟೆ ಬಿಚ್ಚಲಾಯಿತು. ಪುತಳಾಬಾಯಿ ಕಣ್ಣು ಮುಚ್ಚಿ ಕೈ ಮುಗಿದು, ಒಂದು ಪೆಟ್ಟು ಹೊಡೆದು ನಿಲ್ಲಿಸಿದಳು. ಆಮೇಲೆ ಇನ್ನೊಂದು. ಎಡಗೈಯ ಗುಂಯ್ ಒಂದು ಚೌಕಕ್ಕೆ, ಬಲಗೈಯ ಟಕ್ ಇನ್ನೊಂದಕ್ಕೆ, ಬೆರಳು ಸವರಿದ್ದು ಮತ್ತೊಂದಕ್ಕೆ. ಪ್ರತಿ ಪೆಟ್ಟಿನ ನಂತರ ಅವಳು ಮಣಿಕಟ್ಟನ್ನು ಮಡಿಲಲ್ಲಿಟ್ಟು ನೀವಿಕೊಳ್ಳುತ್ತಿದ್ದಳು. ಯಾರೂ ಅವಸರ ಮಾಡಲಿಲ್ಲ.

ಹಿಡಿದ ಪೆಟ್ಟಿನಲ್ಲಿ ಬಳೆಯ ಸಣ್ಣ ಸದ್ದೂ ಸೇರಿತ್ತು. ಓಂಪ್ರಕಾಶ ಅದನ್ನು ತೆಗೆಯಲು ಹೋದ. ಸಿದ್ದೇಶ್ವರಿ ಅವನ ಕೈಯ ಮೇಲೆ ಕೈಯಿಟ್ಟು ತಡೆದಳು. ಇಟ್ಟದ್ದು ಬಳೆಯ ಸದ್ದಿಗಾಗಿಯೇ. ತೆಗೆಯುವುದು ಮಾತ್ರ ಸ್ವಲ್ಪ ತಡವಾಯಿತು.

"ತೊಳೀಬ್ಯಾಡ್ರಿ. ಇರಲಿ."

"ಅವತ್ತು ನಾ ತಪ್ಪು ಮಾಡಿದೆ," ಅಂದ ಅವನು, ಅವಳಿಗಷ್ಟೇ ಕೇಳುವಂತೆ. "ಡಬ್ಬಿ ಖಾಲಿ ಹೋತು. ನಮ್ಮವ್ವಗ ಹೇಳಿದ್ರ ಬೈದಳು."

ಅವ್ವನಿಗೆ ಯಾಕೆ ಹೇಳಿದಿರಿ ಎಂದು ಅವಳು ಕೇಳಲಿಲ್ಲ.

ಹೊರಡುವ ಮೊದಲು ಅವನು ಒಂದು ಗುಂಡಿ ತೋರಿಸಿದ. ಅದನ್ನು ಹಾಕಿಟ್ಟರೆ ಬೆರಳು ಹಿಂದುಮುಂದಾದರೂ ಯಂತ್ರವೇ ತಾಳ ತಿದ್ದಿಕೊಳ್ಳುತ್ತದೆ. ಸಿದ್ದೇಶ್ವರಿ ಅದನ್ನು ಬಂದ್ ಮಾಡಿದಳು. ಅವನು ಹೂಂ ಅಂದ. ಆಮೇಲೆ ದಿನವೂ, ಕುರಿಗಳು ಹಟ್ಟಿಗೆ ಮರಳುವ ಹೊತ್ತಿನಲ್ಲಿ, ಅವಳು ಅತ್ತೆಯ ತುಟಿಯನ್ನೇ ನೋಡುತ್ತ ಬಾರಿಸುವುದನ್ನು ಕಲಿತಳು. ಅತ್ತೆ ಉಸಿರೆಳೆದರೆ ಬೆರಳು ನಿಲ್ಲಬೇಕು. ಬಾರಿಸುವುದು ಬೇಗ ಬಂತು. ನಿಲ್ಲುವುದು ಬರಲು ಶಿವರಾತ್ರಿಯೇ ಬರಬೇಕಾಯಿತು.

ಶಿವರಾತ್ರಿಯ ಸಂಜೆ ಭಾಲ್ಕಿಯ ಗುಡಿ ತುಂಬಿತ್ತು. ಒಂದು ಬದಿಯಲ್ಲಿ ಗಂಡಸರ ಮೇಳ ತಾಳಗಳನ್ನು ಮಡಿಲಲ್ಲಿಟ್ಟು ಕಾಯುತ್ತಿತ್ತು. ಪುತಳಾಬಾಯಿಯ ಮುಂದೆ ಡೋಲಕ್ ಇರಲಿಲ್ಲ. ಪಕ್ಕದಲ್ಲಿ ಸೋದರಸೊಸೆ ಸಿದ್ದೇಶ್ವರಿ ಒಂದು ಕಪ್ಪು ಪೆಟ್ಟಿಗೆಯ ಮುಂದೆ ಕೂತಿದ್ದಳು. ಹಿರಿಯರೊಬ್ಬರು, ಮಷೀನು ಹಾಡಸ್ತದೇನು ಎಂದು ಗೊಣಗಿದರು. ಓಂಪ್ರಕಾಶ ಕಂಬದ ಬಳಿ ಸ್ಪೀಕರ್ ಪಕ್ಕ ನಿಂತಿದ್ದ. ಅವನ ಕೆಲಸ ಮುಗಿದಿತ್ತು, ಆದರೂ ವೈರು ಹಿಡಿದುಕೊಂಡೇ ಇದ್ದ.

ಮೊದಲ ಪೆಟ್ಟು ಬಿತ್ತು. ಬಳೆಯ ಸದ್ದಿನೊಡನೆ, ಪುತಳಾಬಾಯಿಯ ತೂಕದೊಡನೆ. ಹಿರಿಯರ ಕಣ್ಣು ಪುತಳಾಬಾಯಿಯ ಕೈಗೆ ಹೋಯಿತು. ಕೈಗಳು ಮಡಿಲಲ್ಲಿ ಸುಮ್ಮನಿದ್ದವು.

ಹಾಡು ಏರಿತು. ಮೂರನೆಯ ನುಡಿಯಲ್ಲಿ ಶಿವನ ಹೆಸರು ಬಂದಾಗ ಪುತಳಾಬಾಯಿ ತನ್ನ ಪೆಟ್ಟನ್ನು ತನ್ನ ಕೈಯಿಲ್ಲದೆ ಕೇಳಿದಳು.  ದನಿ ನಿಂತಿತು. ಸಿದ್ದೇಶ್ವರಿಯ ಬೆರಳು ಚೌಕದ ಮೇಲೆ ಗಾಳಿಯಲ್ಲೇ ನಿಂತಿತು. ಗುಡಿಯೆಲ್ಲ ನಿಂತಿತು. ದೀಪದ ಎಣ್ಣೆ ಚಟಪಟ ಎನ್ನುವುದು ಕೇಳಿಸಿತು. ಅತ್ತೆ ಮತ್ತೆ ಉಸಿರೆಳೆದಳು. ಆ ಉಸಿರಿನ ತುದಿಯಲ್ಲಿ, ಹೆಸರಿನ ಜೊತೆಗೇ, ಪೆಟ್ಟು ಬಿತ್ತು.

ಗಂಡಸರ ಮೇಳದ ತಾಳಗಳೂ ತಾವಾಗಿಯೇ ಎದ್ದು ಅದಕ್ಕೆ ಕೂಡಿಕೊಂಡವು.

ಮಂಗಳಾರತಿಯ ನಂತರ, ಬರುವ ವರ್ಷವೂ ಮೊದಲ ಹಾಡು ನಿಮ್ಮದೇ ಎಂದು ಗೊಣಗಿದ್ದ ಹಿರಿಯರೇ ಹೇಳಿ ಹೋದರು. ಸಿದ್ದೇಶ್ವರಿ ವೈರು ಸುತ್ತುತ್ತ ಗುಡಿಯ ಕಟ್ಟೆಯ ಮೇಲೆ ಕೂತಿದ್ದಳು.  ಓಂಪ್ರಕಾಶ ಬಂದು ಸ್ವಲ್ಪ ದೂರದಲ್ಲಿ ಕೂತ. 

ಆಮೇಲೆ ಅವನು ಅಂಗಿಯ ಜೇಬಿನಿಂದ ಬಿಳಿ ಬಟ್ಟೆಯ ಒಂದು ಗಂಟು ತೆಗೆದು ಅವಳ ಪಕ್ಕದಲ್ಲಿಟ್ಟ. ಬಿಚ್ಚಿದಳು. ಉಜ್ಜಿ ಬೆಳಗಿಸಿದ ಕುರಿಯ ಗಂಟೆ. ಒಳಗೆ ಹೊಸ ನಾಲಿಗೆ. ಅದು ಅಲುಗಾಡದಂತೆ ಸುತ್ತಲೂ ತುಂಬಿದ ಹೊಸ ಬೆಲ್ಲ. ಮೇಲೆ ಒಂದು ಚಿಟಿಕೆ ಅರಿಶಿನ, ಕುಂಕುಮ.

ಬೆಲ್ಲಕ್ಕೆ ಅರಿಶಿನ ಕುಂಕುಮ ಹಚ್ಚುವುದು ಗಂಡಸರ ಕೈಯ ಕೆಲಸವಲ್ಲವೆಂದು ಅವಳಿಗೆ ಗೊತ್ತಿತ್ತು.

"ಯಾರು ತುಂಬ್ಯಾರ್ರಿ?"

"ನಮ್ಮವ್ವ. ನಾಳೆ ನಿಮ್ಮ ಮನಿಗಿ ಬರ್ತೇನಿ ಅಂದಾಳ. ನೀವು ಹೂಂ ಅಂದ್ರ."

ಸಿದ್ದೇಶ್ವರಿ ಬೆಲ್ಲದ ಅಂಚು ಮುರಿದು ಬಾಯಿಗೆ ಹಾಕಿಕೊಂಡಳು. ಇನ್ನೊಂದು ಚೂರು ಮುರಿದು ಅವನತ್ತ ಚಾಚಿದಳು. ಚೀಲದಿಂದ ಆ ಹಳೆಯ ಡಬ್ಬಿ ತೆಗೆದು ಅವನ ಪಕ್ಕದಲ್ಲಿಟ್ಟಳು. ಅದು ಭಾರವಾಗಿತ್ತು.

ಗಂಟೆಯೊಳಗಿನ ಬೆಲ್ಲ ಇಷ್ಟೇ ಇಷ್ಟು ಕರಗಿತ್ತೋ ಏನೋ, ನಾಲಿಗೆ ಒಮ್ಮೆ ಮೆಲ್ಲಗೆ ಅಂಚು ತಾಗಿತು.