ಠೇವಣಿ ಬಾವಿಯ ಕಪ್ಪೆಗಳು

ಬಹಳ ಹಿಂದೆ, ಮರಗಿಡಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಕುಂದಣಪುರವೆಂಬ ಒಂದು ರಾಜ್ಯವಿತ್ತು. ಆ ಊರಿನ ನಡುವೆ ಒಂದು ಠೇವಣಿ ಬಾವಿ. ಜನ ತಮ್ಮ ಉಳಿತಾಯವನ್ನೆಲ್ಲ ತಂದು ಅಲ್ಲಿಡುತ್ತಿದ್ದರು. ಬಾವಿಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕಪ್ಪೆ. ಅದು ಹಣವನ್ನು ನುಂಗಿ ಕಾಯುತ್ತಿತ್ತು. ಯಾವಾಗ ಇಟ್ಟರು, ಯಾತಕ್ಕೆ ತೆಗೆದರು ಎಂಬುದನ್ನು ನೆನಪಿಟ್ಟು, ಒಡೆಯರು ಕೇಳಿದರೆ ಮಾತ್ರ ಹೇಳುತ್ತಿತ್ತು. ಕುಂದಣಪುರದವರಿಗೆ ಇದೇನೂ ಆಶ್ಚರ್ಯವಲ್ಲ. ಕಪ್ಪೆಗೆ ನೆನಪು ಜಾಸ್ತಿ, ಬೇರೆ ಕೆಲಸವೂ ಇಲ್ಲ.

ಬಾವಿ ಕಾಯುವವಳು ದೇವೀರಿ ಎಂಬ ಗಟ್ಟಿಗಿತ್ತಿ ಹುಡುಗಿ. ಯಾರಾದರೂ ಮೆಟ್ಟಿಲಿಳಿದು ತಮ್ಮ ಕಪ್ಪೆಯ ಹತ್ತಿರ ಬಾಗಿದರೆ ಸಾಕು, ಅವಳು ಬೆನ್ನು ತಿರುಗಿಸಿ ಬಾವಿಯ ರಾಟೆಯನ್ನು ಸುಮ್ಮನೆ ತಿರುಗಿಸುತ್ತಿದ್ದಳು. ಅದರ ಕಿರ್ರೋ ಸದ್ದು ಮೂರು ಬೀದಿಗೆ ಕೇಳುತ್ತಿತ್ತು. ಬಾವಿಯ ಮಾತು ಮಾತ್ರ ಯಾರಿಗೂ ಕೇಳುತ್ತಿರಲಿಲ್ಲ, ದೇವೀರಿಗೂ ಇಲ್ಲ. ಆ ರಾಟೆಗೆ ಎಣ್ಣೆ ಹಾಕಬಾರದು ಎನ್ನುವುದು ಅವಳಜ್ಜಿಯ ಕಾಲದ ಕಟ್ಟಳೆ. ಇನ್ನೊಂದು ಕಟ್ಟಳೆಯೂ ಇತ್ತು. ಅರಮನೆಯವರಿಗೆ ಯಾವುದಾದರೂ ಕಪ್ಪೆಯ ಮಾತು ಬೇಕಾದರೆ ಯಾರದೆಂದು ಹೆಸರು ಹೇಳಬೇಕು, ಯಾಕೆಂದು ಕಾರಣ ಹೇಳಬೇಕು, ನ್ಯಾಯಾಧೀಶರ ಮುದ್ರೆ ತರಬೇಕು.

ಹೀಗಿರುವಾಗ ವಕ್ರನೇತ್ರನೆಂಬ ಮಾಯಾವಿ ರಾಜನ ಮಂತ್ರಿಯಾದ. ಅವನ ನಿಲುವಂಗಿಯ ತುಂಬ ಕಣ್ಣುಗಳು. ಇನ್ನೊಬ್ಬರ ಗುಟ್ಟು ತಿಳಿದಾಗಲೆಲ್ಲ ಅಲ್ಲೊಂದು ಹೊಸ ಕಣ್ಣು ತೆರೆಯುತ್ತಿತ್ತು, ಅವನ ಶಕ್ತಿಯೂ ಅಷ್ಟು ಏರುತ್ತಿತ್ತು. ಒಂದು ದಿನ ಖಜಾನೆಯಲ್ಲಿ ಬಂಗಾರ ಕಳುವಾಯಿತು. ಕಳ್ಳನನ್ನು ಹಿಡಿಯಲು ಊರಿನ ಎಲ್ಲ ಕಪ್ಪೆಗಳ ಬಾಯಿಯನ್ನೂ ಬಿಡಿಸಬೇಕೆಂದು ವಕ್ರನೇತ್ರ ಹಟ ಹಿಡಿದ.

ಸುದ್ದಿ ಕೇಳಿ ಬುಟ್ಟಿ ಹೆಣೆಯುವ ಸಾಕವ್ವ ಓಡಿ ಬಂದಳು.

"ಮಗಾ ದೇವೀರಿ, ನಾನು ಕೂಡಿಟ್ಟಿರೋದು ನನ್ನ ಅಣ್ಣಂದಿರಿಗೆ ಗೊತ್ತಾದ್ರೆ ಆ ಗಳಿಗೇಲೇ ಕಿತ್ಕೊಂಡು ಹೋಗ್ತಾರೆ. ಅದು ಹೋದ್ರೆ ನನಗೆ ಇನ್ನೇನೂ ಇಲ್ಲ."

"ನೀನು ಬುಟ್ಟಿ ಹೆಣಿ, ಹೋಗು ಸಾಕವ್ವ. ಬಾವಿ ನಾನು ನೋಡ್ಕೋತೀನಿ," ಎಂದಳು ದೇವೀರಿ.

ಮೊದಲು ವಕ್ರನೇತ್ರ ರೇಷ್ಮೆ ಸೀರೆ, ಚಿನ್ನದ ಬಳೆ ಹೊತ್ತು ನಗುನಗುತ್ತ ಬಂದ.

"ಹೆಸರು ಹೇಳಿ, ಕಾರಣ ಹೇಳಿ, ಮುದ್ರೆ ತೋರ್ಸಿ," ಎಂದಳು ದೇವೀರಿ.

"ಎಲ್ಲರದೂ ಬೇಕು. ತಪ್ಪು ಮಾಡದವರಿಗೆ ಹೆದರಿಕೆ ಯಾಕಮ್ಮ?"

"ತಮ್ಮ ಬಚ್ಚಲಿಗೆ ಬಾಗಿಲು ಯಾಕಿದೆ ಸ್ವಾಮಿ? ಒಳಗೆ ಕಳ್ಳತನ ಮಾಡ್ತೀರಾ?"

ವಕ್ರನೇತ್ರ ಸೀರೆ ಬಳೆ ಎತ್ತಿಕೊಂಡು ಹೊರಟುಹೋದ.

ಎರಡನೆಯ ಸಲ ಅವನು ತೆಂಗಿನ ಮರದಷ್ಟು ದಪ್ಪದ ಮಾಯಾಸರ್ಪವನ್ನು ಕಳಿಸಿದ. ಅದು ಬಾವಿಯ ಕಟ್ಟೆಗೆ ಸುತ್ತಿಕೊಂಡು, "ಬಾಯಿ ಬಿಡ್ತೀರೋ, ನುಂಗಲೋ?" ಎಂದು ಬುಸುಗುಟ್ಟಿತು. ಕಪ್ಪೆಗಳು ನಡುಗಿದವು, ಆದರೂ ಬಾಯಿ ತುಂಬ ನೀರು ತುಂಬಿಕೊಂಡು ಕೂತವು. ದೇವೀರಿ ರಾಟೆ ಹಿಡಿದು ತೋಳು ಬೀಳುವ ಹಾಗೆ ತಿರುಗಿಸಿದಳು. ಕಿರ್ರೋ ಎಂದು ಆ ಸದ್ದು ಏರಿದಾಗ ಸರ್ಪ ಒದ್ದಾಡಿಹೋಯಿತು. ಪಾಪ, ಕಿವಿ ಮುಚ್ಚಿಕೊಳ್ಳಲು ಅದಕ್ಕೆ ಕೈ ಎಲ್ಲಿದೆ? ಊರಾಚೆಗೆ ಓಡಿದ್ದು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಮೂರನೆಯ ಸಲ ವಕ್ರನೇತ್ರ ರಾಜನನ್ನೇ ಕರೆತಂದ. ರಾಜ ಕೆಟ್ಟವನಲ್ಲ, ಮಂತ್ರಿಯ ಮಾತು ಕೇಳಿ ಕೆಟ್ಟಿದ್ದ. ಹೆಸರು, ಕಾರಣ, ಮುದ್ರೆ ಯಾವುದೂ ಬೇಡ ಎಂದು ಅಪ್ಪಣೆ ಹೊರಡಿಸಿದ್ದ. ವಕ್ರನೇತ್ರ ಬಂದವನೇ ರಾಟೆಗೆ ಒಂದು ಗಡಿಗೆ ಹರಳೆಣ್ಣೆ ಸುರಿಸಿದ. ಊರೆಲ್ಲ ಬಾವಿಯ ಸುತ್ತ ಸೇರಿತು. ಸಾಕವ್ವ ಮೊರವನ್ನು ಎದೆಗೊತ್ತಿಕೊಂಡು ನಿಂತಿದ್ದಳು.

"ಎಲ್ಲ ಕಪ್ಪೆಗಳೂ ಅಂದ್ರೆ ಎಲ್ಲವೂ ತಾನೇ, ಬುದ್ಧೀ?" ಎಂದು ದೇವೀರಿ ರಾಜನನ್ನು ಕೇಳಿದಳು.

"ಎಲ್ಲವೂ," ಎಂದ ರಾಜ ಗತ್ತಿನಿಂದ.

ವಕ್ರನೇತ್ರ ಮಂತ್ರ ಹೇಳಿದ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲ ದಪ್ಪ ಕಪ್ಪೆ ತಡೆಯಲಾರದೆ ಬಾಯಿ ತೆರೆಯಿತು: "ಕಂಬಳಿ ಹೊದ್ದು, ಹರಳಿನ ಜೋಡು ಮೆಟ್ಟಿ ಬರುವವರ ಲೆಕ್ಕ ಕೇಳಿ..."

ಜನ ಒಬ್ಬರ ಕಾಲು ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರ ಕಣ್ಣೂ ರಾಜನ ಹರಳಿನ ಜೋಡಿನ ಮೇಲೆ ಬಿತ್ತು. ರಾಜನ ಮುಖ ಬೆಳ್ಳಗಾಯಿತು. ಮಾರುವೇಷದಲ್ಲಿ ಬಾವಿಗೆ ಬರುವಾಗಲೆಲ್ಲ ಅವನು ಕಂಬಳಿ ಹೊದೆಯುವುದನ್ನು ಮರೆಯುತ್ತಿರಲಿಲ್ಲ, ಜೋಡು ಬದಲಿಸುವುದನ್ನು ಮರೆಯುತ್ತಿದ್ದ. ದೇವೀರಿಗೆ ಇದು ಎಂದೋ ಗೊತ್ತು. ಅವಳು ಯಾರಿಗೂ ಹೇಳಿರಲಿಲ್ಲ.

ಈಗ ಸುಮ್ಮನಿದ್ದರೆ ರಾಜನಿಗೆ ತಕ್ಕ ಶಾಸ್ತಿಯಾಗುತ್ತಿತ್ತು. ಆದರೆ ಬಾವಿಗೆ ಬಂದವರೆಲ್ಲ ದೇವೀರಿಗೆ ಒಂದೇ. ಅವಳು ರಾಟೆ ತಿರುಗಿಸಿದಳು, ಸದ್ದೇ ಬರಲಿಲ್ಲ. ಕೂಡಲೇ ಹಿತ್ತಾಳೆಯ ಕೊಡ ಎತ್ತಿಕೊಂಡು ಢಣಢಣ ಬಡಿದಳು. ಸಾಕವ್ವ ಅರ್ಥಮಾಡಿಕೊಂಡು ಮೊರ ಬಡಿದಳು. ಕಮ್ಮಾರ ಸುತ್ತಿಗೆ ಬಡಿದ, ಮಕ್ಕಳು ಸಿಳ್ಳೆ ಹಾಕಿದರು, ಮುದುಕಿಯರು ಸೋಬಾನೆ ಎತ್ತಿಕೊಂಡರು. ಊರಿಗೆ ಊರೇ ಸೇರಿ ರಾಜನ ಗುಟ್ಟನ್ನು ಮುಚ್ಚಿತು. ಯಾವ ಮದುವೆಯಲ್ಲೂ ಅಷ್ಟು ಗಲಾಟೆ, ಅಷ್ಟು ನಗು ಆಗಿರಲಿಲ್ಲ.

ಮುಂದಿನ ಒಂದಕ್ಷರವೂ ಕೇಳದೆ ನಿಲುವಂಗಿಯ ಕಣ್ಣುಗಳು ಹಸಿವಿನಿಂದ ಒಂದೊಂದಾಗಿ ಮುಚ್ಚಿದವು. ವಕ್ರನೇತ್ರ ಕುಸಿದು ಕೂತ. ರಾಜ ಕೈಯೆತ್ತಿದ. ಅವನ ಕಣ್ಣು ಒದ್ದೆಯಾಗಿತ್ತು.

"ನಿಮ್ಮ ಮನೆ ಬಾಗಿಲು ಒಡೆಯೋಕೆ ಬಂದೆ. ನೀವು ನನ್ನ ಬಾಗಿಲು ಮುಚ್ಚಿದಿರಿ. ಅಪ್ಪಣೆ ರದ್ದು. ಹಳೇ ಕಟ್ಟಳೆಯೇ ಇರಲಿ, ಅದು ನನಗೂ ಇರಲಿ."

ಆಗ ವಕ್ರನೇತ್ರನ ಜೇಬಿನೊಳಗಿಂದ "ವಟರ್" ಎಂದು ಸದ್ದು ಬಂತು. ಎಲ್ಲರ ಕಪ್ಪೆಯನ್ನೂ ಮಾತಾಡಿಸಲು ಬಂದವನು ತನ್ನದನ್ನು ಮಾತ್ರ ಎತ್ತಿ ಬಚ್ಚಿಟ್ಟುಕೊಂಡಿದ್ದ. ಸೈನಿಕರು ಮುನ್ನುಗ್ಗಿದರು.

"ನಿಲ್ಲಿ," ಎಂದಳು ದೇವೀರಿ. "ಇವರಿಗೂ ಕಟ್ಟಳೆ ಅದೇ."

ಜನರ ನಡುವೆಯೇ ನಿಂತಿದ್ದ ನ್ಯಾಯಾಧೀಶರು ಕಾರಣ ಕೇಳಿದರು. ಖಜಾನೆಯ ಕಾವಲುಗಾರ ಹೆದರಿಕೆ ಬಿಟ್ಟು ಮುಂದೆ ಬಂದ. ಕಳುವಾದ ದಿನ ಮಂತ್ರಿ ಗಂಟು ಹೊತ್ತು ಹೋಗಿದ್ದನ್ನು ಕಣ್ಣಾರೆ ಕಂಡೆ ಎಂದ. ಒಂದು ಹೆಸರು, ಒಂದು ಕಾರಣ. ನ್ಯಾಯಾಧೀಶರು ಮುದ್ರೆ ಒತ್ತಿದರು.

"ಅಬ್ಬ, ಸದ್ಯ ಕೇಳಿದಿರಲ್ಲ. ಹೊಟ್ಟೆನೋವಿನಿಂದ ಸಾಯ್ತಿದ್ದೆ," ಎಂದು ಕಪ್ಪೆ ರಾಜಮುದ್ರೆಯ ಬಂಗಾರವನ್ನೆಲ್ಲ ಕಾರಿಕೊಂಡಿತು.

ವಕ್ರನೇತ್ರನನ್ನು ಗಡೀಪಾರು ಮಾಡಿದರು. ರಾಟೆಯ ಎಣ್ಣೆಯನ್ನು ದೇವೀರಿ ಸೀಗೆಪುಡಿ ಹಾಕಿ ತಿಕ್ಕಿ ತೆಗೆದಳು. ಅದು ಮತ್ತೆ ಕಿರ್ರೋ ಎಂದ ದಿನ ಊರವರು ಪಾಯಸ ಮಾಡಿ ಉಂಡರು. ರಾಜನೂ ಕಂಬಳಿ ಹೊದ್ದು, ಬರಿಗಾಲಲ್ಲಿ ಬಂದು ಉಂಡುಹೋದ. ಯಾರೂ ಅವನ ಗುರುತು ಹಿಡಿಯಲಿಲ್ಲ, ಅಥವಾ ಹಿಡಿದಂತೆ ತೋರಿಸಿಕೊಳ್ಳಲಿಲ್ಲ.

ಮರುದಿನ ಸಾಕವ್ವ ಬಾವಿಗಿಳಿದು ತನ್ನ ಕಪ್ಪೆಯ ಹತ್ತಿರ ಬಹಳ ಹೊತ್ತು ಮಾತಾಡಿದಳು. ಮೇಲೆ ಬರುವಾಗ ಅವಳ ನಗು ಕೆನ್ನೆಯಲ್ಲಿ ಹಿಡಿಸುತ್ತಿರಲಿಲ್ಲ. ಅವಳು ಅಷ್ಟು ದಿನ ಕೂಡಿಟ್ಟದ್ದು ಯಾತಕ್ಕೆ ಎಂದು ನನ್ನನ್ನು ಕೇಳಬೇಡಿ. ದೇವೀರಿ ರಾಟೆ ತಿರುಗಿಸುತ್ತಿದ್ದಳು, ನನಗೆ ಏನೂ ಕೇಳಿಸಲಿಲ್ಲ.