ಮಗಳ ಪಾಲಿನ ನೀರು

"ಚಪ್ಪಲಿ ಬಿಚ್ಚು ನಜ್ಲಾ! ನನ್ನನ್ನ ತುಳ್ಕೊಂಡು ಹೋಗ್ತೀಯಾ?"

ಎಪ್ಪತ್ತು ದಾಟಿದ ವಿದಾದ್, ಮಂಡಿ ನೋವಿನ ಮುದುಕಿ, ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಿದ್ದಳು. ಎದುರಿಗೆ ಸೊಸೆ ನಜ್ಲಾ. ತಲೆಯ ಬಟ್ಟೆ ಅಡ್ಡಾದಿಡ್ಡಿ, ಕಂಕುಳಲ್ಲಿ ಹಾಲು ಕುಡಿಯುವ ಕೂಸು. ಬೆಳಗಿನ ನಮಾಜು ಮುಗಿಯುವ ಹೊತ್ತಿಗೆ ನಾಬ್ಲುಸ್ ಕಡೆಯ ಹಳ್ಳಿಯಿಂದ ತಮ್ಮನ ಫೋನು ಬಂದಿತ್ತು. ತಾಯಿ ಫಿಕ್ರಿಯಾ ತೀರಿಕೊಂಡಿದ್ದಳು. ಮೂರನೆಯ ನಮಾಜಿನ ಹೊತ್ತಿಗೆ ಮಣ್ಣು. ಸತ್ತ ತಾಯಿಯ ಮೈಗೆ ನೀರು ಹಾಕುವ ಮೊದಲ ಹಕ್ಕು ಮಗಳದ್ದು... ಫಿಕ್ರಿಯಾಳಿಗಿದ್ದವಳು ಇವಳೊಬ್ಬಳೇ ಮಗಳು!

ಜೆರುಸಲೇಮಿನಿಂದ ಆ ಹಳ್ಳಿಗೆ ಎರಡು ಗಂಟೆಯ ದಾರಿ. ಹೋಗುವವರನ್ನು ಯಾರೂ ತಡೆಯುವುದಿಲ್ಲ. ಬರುವವರಿಗೆ ಮಾತ್ರ ಕಾಗದ ಬೇಕು. ಅತ್ತೆಗೆ, ಗಂಡ ಜೌದತ್‌ಗೆ, ಮೂರು ಮಕ್ಕಳಿಗೆ ಜೆರುಸಲೇಮಿನಲ್ಲಿ ವಾಸಿಸುವ ಹಕ್ಕಿನ ನೀಲಿ ಕಾರ್ಡು. ನಜ್ಲಾಳದು, ಸರ್ಕಾರ ಊರಿಗೆ ಅಡ್ಡ ಕಟ್ಟಿದ ಗೋಡೆಯಾಚೆಯವರ ಹಸಿರು ಕಾರ್ಡು. ವರ್ಷ ವರ್ಷವೂ ಬೇಡಿ ಪಡೆಯುವ ಪರವಾನಗಿಯ ಮೇಲೆ ಅವಳು ಹನ್ನೊಂದು ವರ್ಷ ಗಂಡನ ಮನೆಯಲ್ಲಿ ಬಾಳಿದ್ದಳು. ಈ ಸಲದ್ದು ಮುಗಿದು ಮೂರು ತಿಂಗಳಾಗಿತ್ತು. ಅರ್ಜಿ ಯಾವ ಮೇಜಿನ ಮೇಲೆ ಮಲಗಿತ್ತೋ ದೇವರೇ ಬಲ್ಲ. ಇವತ್ತು ಆಚೆ ಕಾಲಿಟ್ಟರೆ ಮತ್ತೆ ಈಚೆ ಬರುವಂತಿಲ್ಲ. ಮಕ್ಕಳನ್ನು ಕಟ್ಟಿಕೊಂಡು ಅಲ್ಲೇ ಉಳಿದರೆ ಅವರ ಕಾರ್ಡೂ ಹೋಗುತ್ತದೆ.

"ದಿನಾ ಅಂತಿದ್ದವರು ನೀವೇ ಅಲ್ವಾ ಅತ್ತೆ, ಹೋಗು ನಿಮ್ಮಮ್ಮನ ಮನೆಗೆ ಅಂತ? ಈಗ ಹೋಗ್ತಿದೀನಿ... ಬಿಡಿ!"

"ಅಂದಿದ್ದೆ. ಬಾಯಿತ್ತು, ಅಂದೆ. ಈ ಕೂಸಿಗೆ ಹಾಲು ಯಾರು ಕೊಡ್ತಾರೆ, ನಾನಾ?"

ಜೌದತ್ ರೊಟ್ಟಿ ಭಟ್ಟಿಯಿಂದ ಓಡಿ ಬಂದಿದ್ದ, ಮೊಣಕೈವರೆಗೆ ಹಿಟ್ಟು. "ಯಮ್ಮಾ, ಬಿಡು ಅವಳನ್ನ. ನಾನು ಹೇಗೋ ವಾಪಸ್ ಕರ್ಕೊಂಡು ಬರ್ತೀನಿ."

"ಹೇಗೋ! ನಿನ್ನ ಹೇಗೋ ಕೇಳಿ ಕೇಳಿ ನನ್ನ ಕಿವಿ ಸವೆದು ಹೋಯ್ತು. ಹಿಂದಿನ ಬೀದಿ ದರ್ಜಿಯ ಹೆಂಡ್ತಿ ತಂಗಿ ಮದುವೆಗೆ ಅಂತ ಹೋದೋಳು, ನಾಲ್ಕು ವರ್ಷದಿಂದ ಫೋನಲ್ಲೇ ಮಗಳಿಗೆ ಜಡೆ ಹಾಕ್ತಿದಾಳೆ. ಹೋಗಿ ನೋಡ್ಕೊಂಡು ಬಾ!"

ನಜ್ಲಾ ಕೂಸನ್ನು ಮಡಿಲಿಗಿಳಿಸಿಕೊಂಡು ಹೊಸ್ತಿಲ ಬಳಿ ಕೂತಳು. "ಹಾಗಾದ್ರೆ... ನಮ್ಮಮ್ಮನಿಗೆ ನೀರು ಯಾರು ಹಾಕ್ತಾರೆ ಅತ್ತೆ?"

ವಿದಾದ್ ಚಾಚಿದ್ದ ಕೈ ಇಳಿಸಿದಳು. ಮೊದಲ ಮೊಮ್ಮಗ ಹುಟ್ಟಿದಾಗ ಫಿಕ್ರಿಯಾ ಒಂದೇ ದಿನದ ಪರವಾನಗಿ ಹಿಡಿದು, ಐದು ಗಂಟೆ ಸಾಲಿನಲ್ಲಿ ನಿಂತು ಈ ಮನೆಗೆ ಬಂದಿದ್ದಳು. ಬೀದಿಯ ಹೆಂಗಸರೆಲ್ಲ ಕೂತಿದ್ದಾಗ ವಿದಾದ್ ನಗುನಗುತ್ತಲೇ ಅಂದಿದ್ದಳು: "ನಮ್ಮ ಬೀಗಿತ್ತಿ ಮಗಳನ್ನ ಕೊಟ್ಟದ್ದು ನನ್ನ ಮಗನಿಗಲ್ಲ ಕಣ್ರೇ, ಅವನ ನೀಲಿ ಕಾರ್ಡಿಗೆ!" ಫಿಕ್ರಿಯಾ ಕೈಯಲ್ಲಿದ್ದ ಕಾಫಿಯನ್ನು ತುಟಿಗೆ ಮುಟ್ಟಿಸದೆ ಕೆಳಗಿಟ್ಟು ಎದ್ದು ಹೋದಳು. ಕುಡಿಯದೆ ಇಟ್ಟ ಕಾಫಿ ಎಂದರೆ ಮನಸ್ಸು ಮುರಿಯಿತು ಎಂದೇ ಲೆಕ್ಕ. ಹೋಗಿ ಸಮಾಧಾನ ಹೇಳಿ ಬರುವುದು ಮನೆಯೊಡತಿಯ ಕೆಲಸ. ಆಮೇಲೆ ಹೋದರಾಯಿತು, ಹಬ್ಬ ಕಳೆಯಲಿ, ಮಂಡಿ ನೋವು ಇಳಿಯಲಿ... ಹೀಗೇ ಹತ್ತು ವರ್ಷ! ತಡೆಯಲು ಅವಳಿಗೆ ಯಾವ ಗೋಡೆಯೂ ಇರಲಿಲ್ಲ.

"ನಾನು ಹಾಕ್ತೀನಿ," ಎಂದಳು ವಿದಾದ್. "ನಿನ್ನ ಪಾಲಿನ ನೀರು ನಾನು ಹಾಕಿ ಬರ್ತೀನಿ. ನೀನು ಕೂಸಿಗೆ ಹಾಲು ಕೊಡು."

ಎರಡು ವ್ಯಾನು ಬದಲಿಸಿ, ಕೆಟ್ಟ ರಸ್ತೆಯಲ್ಲಿ ಕುಲುಕಿ ಕುಲುಕಿ ಅವಳು ಆ ಹಳ್ಳಿ ಸೇರುವಾಗ ಬಿಸಿಲು ಏರಿತ್ತು. ಅಂಗಳದ ಹೆಂಗಸರು ಅಳು ನಿಲ್ಲಿಸಿ ನೋಡಿದರು. "ಜೀವ ಇದ್ದಾಗ ಬರಲಿಲ್ಲ. ಈಗ ಏನು ನೋಡೋಕೆ ಬಂದ್ಳು?" ಎಂದಳೊಬ್ಬಳು, ಕೇಳಲಿ ಎಂದೇ. ಜೀವಮಾನದಲ್ಲಿ ಒಂದು ಮಾತಿಗೂ ಉತ್ತರ ಬಾಕಿ ಇಟ್ಟವಳಲ್ಲ ವಿದಾದ್! ಇವತ್ತು ಮಾತ್ರ ಅಂಗಿಯ ತೋಳು ಮೇಲೆ ಸರಿಸಿಕೊಂಡು ಒಳಗೆ ಹೋದಳು.

ಹೊದಿಸಿದ ಬಟ್ಟೆಯ ಅಡಿಯಲ್ಲೇ ಕೈಯಾಡಿಸಿ ತೊಳೆದಳು: ಮೊದಲು ಬಲಗಡೆ, ಆಮೇಲೆ ಎಡಗಡೆ, ಬೋರೆ ಎಲೆಯ ನೀರಿನಲ್ಲಿ ಎರಡು ಸಲ, ಕರ್ಪೂರದ ನೀರಿನಲ್ಲಿ ಒಂದು ಸಲ. ದೊಡ್ಡ ಮೈಕಟ್ಟಿನ ಫಿಕ್ರಿಯಾ ಹತ್ತು ವರ್ಷದ ಹುಡುಗಿಯಷ್ಟಾಗಿದ್ದಳು. ಬೆನ್ನ ತುಂಬ ಹಾಸಿಗೆ ಹುಣ್ಣು... ವಿದಾದಳ ಕೈ ನಿಂತಿತು. ನೀರು ಸುರಿಯುತ್ತಿದ್ದ ನಜ್ಲಾಳ ತಮ್ಮನ ಹೆಂಡತಿ ಪಿಸುಗುಟ್ಟಿದಳು: "ನಲವತ್ತು ದಿನ ಕಣ್ಣು ಬಾಗಿಲ ಮೇಲೇ ಇತ್ತು. ಯಾರಾದ್ರೂ ಒಳಗೆ ಬಂದ್ರೆ ಸಾಕು, ‘ನಜ್ಲಾ ಬಂದ್ಳಾ?’ ಅಂತಿದ್ರು."

ವಿದಾದ್ ಬಾಗಿ, ಆ ತಣ್ಣನೆಯ ಕಿವಿಯ ಬಳಿ ಹೇಳಿದಳು: "ಕ್ಷಮಿಸು ಬೀಗಿತ್ತಿ... ತಡವಾಯ್ತು."

ಮರಳುವಾಗ ಚೆಕ್‌ಪೋಸ್ಟಿನಲ್ಲಿ ಎರಡು ಗಂಟೆಯ ಸಾಲು. ಗಾಜಿನ ಹಿಂದಿನ ಸೈನಿಕ ಹುಡುಗಿಗೆ ಇಪ್ಪತ್ತು ವಯಸ್ಸಿರಬಹುದು. ನಿದ್ದೆಗೆಟ್ಟು ಅವಳ ಕಣ್ಣಡಿಯೂ ಕಪ್ಪಾಗಿತ್ತು. ಕಾರ್ಡಿನ ನೀಲಿಯನ್ನು ನೋಡಿದಳೇ ಹೊರತು ಮುದುಕಿಯ ಮುಖ ನೋಡಲಿಲ್ಲ. ಕೈಯಿಂದ ಹೋಗೆಂದಳು.

ಹೊತ್ತು ಮುಳುಗುವಾಗ ನಜ್ಲಾ ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಅತ್ತೆಯ ಕೈ ಹಿಡಿದು ಮೂಸಿದಳು. ಇನ್ನೂ ಕರ್ಪೂರದ ವಾಸನೆ.

"ಹೇಗಿದ್ರು ಅತ್ತೆ?"

ಮೈ ತೊಳೆದವರು ಕಂಡ ಒಳ್ಳೆಯದನ್ನು ಹೇಳಬೇಕು, ಉಳಿದದ್ದನ್ನು ಮಣ್ಣಿಗೆ ಬಿಡಬೇಕು. ಅದು ಹಿಂದಿನಿಂದ ಬಂದ ಕಟ್ಟಳೆ.

"ಮಲಗಿದ ಹಾಗಿದ್ಲು. ಮುಖದಲ್ಲಿ ಬೆಳಕಿತ್ತು. ಮೈಮೇಲೆ ಒಂದು ಗೀರೂ ಇಲ್ಲ."

"ನನ್ನನ್ನ... ಕೇಳಿದ್ರಂತಾ?"

ವಿದಾದ್ ಮೆಟ್ಟಿಲ ಮೇಲೆ ನಿಧಾನವಾಗಿ ಕೂತಳು. "ಇಲ್ಲ ಮಗಳೇ. ನಿದ್ದೇಲೇ ಹೋದ್ಲಂತೆ. ಯಾರನ್ನೂ ಕೇಳಲಿಲ್ಲವಂತೆ."

ನಜ್ಲಾ ಅತ್ತೆಯ ಮುಖವನ್ನೇ ನೋಡಿದಳು. ಕಣ್ಣೀರು ತಾನಾಗಿ ಇಳಿಯುತ್ತಿತ್ತು.

"ಹನ್ನೊಂದು ವರ್ಷದಲ್ಲಿ ನೀವು ನನಗೆ ಏನೇನೋ ಅಂದಿದೀರಿ ಅತ್ತೆ... ಸುಳ್ಳು ಮಾತ್ರ ಒಂದು ದಿನವೂ ಹೇಳಿರಲಿಲ್ಲ."

ಒಳಗಿನಿಂದ ಜೌದತ್ ಕೂಸನ್ನು ಎತ್ತಿಕೊಂಡು ಬಂದ.

"ಬೀದಿಯಲ್ಲಿ ಹೇಳಿಬಿಡು ಜೌದತ್," ಎಂದಳು ವಿದಾದ್, "ನಾಳೆಯಿಂದ ಮೂರು ದಿನ ಈ ಮನೇಲಿ ಸಾವಿನ ದುಃಖಕ್ಕೆ ಕೂರ್ತೀವಿ ಅಂತ. ಯಾರದು ಅಂತ ಕೇಳಿದ್ರೆ... ನನ್ನ ಬೀಗಿತ್ತಿದು ಅನ್ನು."