ಮೈರಿಯೊನಿದ್ ಜಿಲ್ಲೆಯ ದಾನಪತ್ರ

ಕಲ್ಲುಕೋಣೆಯ ಬಾಗಿಲು ತೆರೆದವಳು ಮಗಳು ಮೊರ್ವಿದ್. ಹೊರಗಿನಿಂದ ಅಗುಳಿ ಹಾಕಿತ್ತು. ಒಳಗೆ, ಬೆಣ್ಣೆ ಗಡಿಗೆಗಳ ನಡುವೆ, ಮುದುಕ ಟೆಕ್ವಿನ್ ಚಳಿಗೆ ಮುದುಡಿಕೊಂಡು ಸತ್ತಿದ್ದ. ಉಗುರುಗಳು ಕಿತ್ತುಹೋಗಿದ್ದವು. ಬಾಗಿಲಿನ ಒಳಮೈ ತುಂಬ ಗೀರು.

೧೯೭೬ರ ಫೆಬ್ರವರಿ. ಪೊಲೀಸ್ ಸಾರ್ಜೆಂಟ್ ನೆಸ್ಟಾ ಗುಡ್ಡ ಹತ್ತಿ ಬಂದಾಗ ಹಿಮ ಬೀಳುತ್ತಿತ್ತು. ಮನೆಯಲ್ಲಿದ್ದವರು ಇಬ್ಬರೇ: ಮೊರ್ವಿದ್, ಮತ್ತು ಟೆಕ್ವಿನ್‌ನ ಅಣ್ಣನ ಮಗ ಇದ್ವಾಲ್.

"ಅಪ್ಪ ಮಗಳಿಗೆ ದಿನಾ ಜಗಳ ಮೇಡಂ. ಊರಿಗೇ ಗೊತ್ತು," ಎಂದ ಇದ್ವಾಲ್.

"ಆಡ್ತಿದ್ದೆ. ಹದಿನೆಂಟು ವರ್ಷದಿಂದ ಈ ಗುಡ್ಡ ಇಳಿಯೋಕೆ ಬಿಡ್ಲಿಲ್ಲ. ಅದಕ್ಕೆ ಅಪ್ಪನ್ನ ಕೊಲ್ತೀನಾ?" ಎಂದಳು ಮೊರ್ವಿದ್.

"ನಿನ್ನೆ ಎಲ್ಲಿದ್ದೆ?" ಎಂದು ಕೇಳಿದಳು ನೆಸ್ಟಾ.

"ಮೇಲಿನ ಹುಲ್ಲುಗಾವಲಲ್ಲಿ, ಕುರಿ ಹುಡುಕ್ತಾ. ಒಬ್ಬಳೇ."

ಸಾಕ್ಷಿ ಇಲ್ಲ. ನೆಸ್ಟಾ ಅವಳನ್ನು ಠಾಣೆಗೆ ಕರೆದೊಯ್ದಳು. ಲಾಕಪ್ಪಿನ ಬಾಗಿಲು ಮುಚ್ಚಿದಾಗ ಮೊರ್ವಿದ್ ಗೋಡೆಗೆ ಅಂಟಿಕೊಂಡಳು.

* * *

ಮರುದಿನ ಇದ್ವಾಲ್ ಟೈಪ್ ಮಾಡಿದ ಕಾಗದವೊಂದನ್ನು ಮೇಜಿನ ಮೇಲಿಟ್ಟ.

"ದಾನಪತ್ರ ಮೇಡಂ. ಚಿಕ್ಕಪ್ಪ ೧೯೬೯ರಲ್ಲೇ ಜಮೀನು ನಂಗೆ ಬರೆದುಕೊಟ್ಟಿದ್ರು. ಇದು ಗೊತ್ತಾಗಿ ಅವಳಿಗೆ ತಲೆಕೆಟ್ಟಿದೆ."

ನೆಸ್ಟಾ ಮೊದಲ ಸಾಲಿಗೇ ನಿಂತಳು.

"'ಗ್ವಿನೆದ್ ಜಿಲ್ಲೆ' ಅಂತ ಇದೆ."

"ನಮ್ಮ ಜಿಲ್ಲೆ ಅದೇ ತಾನೆ?"

"ಈಗ ಅದೇ. ೧೯೬೯ರಲ್ಲಿ?"

ಇದ್ವಾಲ್ ಕಾಗದ ವಾಪಸ್ ತೆಗೆದುಕೊಳ್ಳಲು ಕೈ ಚಾಚಿದ; ನೆಸ್ಟಾ ಅದನ್ನು ತನ್ನತ್ತ ಎಳೆದುಕೊಂಡಳು.

"ಆಗ ಇದು ಮೈರಿಯೊನಿದ್. ಕುನೆಥ ರಾಜನ ಮೊಮ್ಮಗ ಮೈರಿಯನ್ ಆಳಿದ ನೆಲ ಅಂತ ಆ ಹೆಸರು. ಹಳೇ ಜಿಲ್ಲೆಗಳು ಸೇರಿ ಗ್ವಿನೆದ್ ಜಿಲ್ಲೆ ಹುಟ್ಟಿ ಇನ್ನೂ ಎರಡು ವರ್ಷ ಆಗಿಲ್ಲ."

"ಗ್ವಿನೆದ್ ರಾಜರ ಕಾಲದ ಹೆಸರು ಮೇಡಂ!"

"ರಾಜ್ಯಕ್ಕಿತ್ತು. ಜಿಲ್ಲೆಗಿರಲಿಲ್ಲ. ನಿನ್ನ ಚಿಕ್ಕಪ್ಪ ಹೊಸ ಹೆಸರನ್ನ ಬಾಯಲ್ಲೂ ಆಡ್ತಿರಲಿಲ್ಲ. ಇದು ಈಚೆಗೆ ಟೈಪ್ ಮಾಡಿದ್ದು, ರುಜುನೂ ಕಳ್ಳ ರುಜು. ಜಮೀನು ಬೇಕಿದ್ದದ್ದು ನಿನಗೆ. ಅವಳು ಕುರಿ ಹಿಂದೆ ಹೋದದ್ದನ್ನ ನೋಡಿ ಅಗುಳಿ ಹಾಕಿದವನೂ ನೀನೇ."

ಇದ್ವಾಲ್ ಒಪ್ಪಿಕೊಂಡ.

"ಸಾಯ್ಲಿ ಅಂತ ಅಲ್ಲ. ರುಜು ಹಾಕ್ತೀನಿ ಅಂದಿದ್ರೆ ತೆಗೀತಿದ್ದೆ. ಬಾಗಿಲ ಹೊರಗೇ ನಿಂತಿದ್ದೆ."

"ಏನಂದ್ರು?"

"ಮೊರ್ವಿದ್‌ನ ಕೂಗಿದ್ರು. ದನಿ ನಿಲ್ಲೋವರೆಗೂ."

* * *

ನೆಸ್ಟಾ ಲಾಕಪ್ ತೆರೆದು ನಡೆದದ್ದನ್ನೆಲ್ಲ ಹೇಳಿದಳು. ಮೊರ್ವಿದ್ ಕೂತಲ್ಲಿಂದ ಅಲ್ಲಾಡಲಿಲ್ಲ.

"ಏಳಮ್ಮ. ಇನ್ನು ನೀನು ಹೋಗಬಹುದು."

"ಎಲ್ಲಿಗೆ?" ಎಂದಳು ಅವಳು.